ಬೀಗ ಹಾಕಿದ ಮನೆಗೂ ಒಂದು ತೆನೆ

ಕಳೆದ ಸೆಪ್ಟೆಂಬರಿನಲ್ಲಿ ಕೊಪ್ಪಳದ ನನ್ನ ಬಾಡಿಗೆ ಮನೆಗೆ ಒಂದು ಕವರ್ ಬಂತು. ಕೊರಿಯರ್ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ:

"ಯಾವ ಮಂಗಳೂರ್ರೀ ಅಕ್ಕಾರ ಇದು? ನಮ್ಮ ಕುಕನೂರ್ ಕಡೆ ಮಂಗಳೂರಾ, ಸಮುದ್ರದ ಮಂಗಳೂರಾ?"

ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದ ಮೇಲೇ ನನಗೂ ಗೊತ್ತಾದದ್ದು, ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರು ಇದೆ ಅಂತ. "ಸಮುದ್ರದ್ದು" ಅಂದೆ. "ಭಾಳ ಹಗುರ ಐತಿ, ಏನೈತ್ರೀ ಒಳಗ?" ಅಂದ. "ಭತ್ತ" ಅಂದೆ. ಹುಡುಗ ನಕ್ಕುಬಿಟ್ಟ.

ನಗದೆ ಏನು ಮಾಡಿಯಾನು? ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ ಇರುವುದು ಇದೇ ಜಿಲ್ಲೆಯಲ್ಲಿ. ಭತ್ತದ ಕಣಜ ಅಂತಲೇ ಆ ಊರಿಗೆ ಹೆಸರು. ರಸ್ತೆಯ ಎರಡೂ ಕಡೆ ಗದ್ದೆ, ಗದ್ದೆ ಮುಗಿದಲ್ಲಿ ರೈಸ್ ಮಿಲ್ಲು. ಇಲ್ಲಿಯ ಸೋನಾ ಮಸೂರಿ ಊರೂರಿಗೆ ಹೋಗುತ್ತದೆ. ಅಂಥ ಜಿಲ್ಲೆಗೆ ನನ್ನ ಮಮ್ಮಿ ಘಟ್ಟದ ಕೆಳಗಿನಿಂದ ಭತ್ತ ಕಳಿಸಿದ್ದಳು. ಎಷ್ಟು? ಪೇಪರ್ ತುಂಡಿನಲ್ಲಿ ಸುತ್ತಿದ ಹನ್ನೊಂದು ಕಾಳು.

ಆ ಹನ್ನೊಂದು ಕಾಳಿನ ಕತೆ ಈಗ ಹೇಳುವುದಕ್ಕೆ ಕಾರಣ ಇದೆ. ಆಗಸ್ಟ್ 30ಕ್ಕೆ ಮತ್ತೆ ನೊವೆನಾ ಶುರು. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮಂಗಳೂರು, ಉಡುಪಿ ಕಡೆಯ ಕ್ಯಾಥೋಲಿಕ್ ಮನೆಯಲ್ಲಿ ಹುಟ್ಟಿ ಈಗ ಬೆಂಗಳೂರಲ್ಲೋ, ಪುಣೆಯಲ್ಲೋ, ದುಬೈಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತಿರುವ ನಿಮಗೂ ಈ ವಾರ ಮನೆಯಿಂದ ಒಂದು ಫೋನ್ ಬಂದಿರುತ್ತದೆ: "ಈ ಸಲ ಬರ್ತೀಯಾ?"

ಗುಡ್ಡದ ಮೇಲಿನ ಹಬ್ಬ

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಜಗತ್ತಿನ ಎಲ್ಲ ಕ್ಯಾಥೋಲಿಕರಿಗೂ ಅದು ಹಬ್ಬವೇ. ಆದರೆ ಕರಾವಳಿಯಲ್ಲಿ ಅದು ಹೊಸ ಅಕ್ಕಿ ಊಟದ ದಿನವೂ ಹೌದು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ದಾಸವಾಳ, ಗೋರಟೆ, ಅಬ್ಬಲಿಗೆ, ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯ ಬೇಲಿಯಿಂದ. ಹತ್ತನೇ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮೆರವಣಿಗೆ, ಬಲಿಪೂಜೆ. ಹೂ ತಂದ ಮಕ್ಕಳಿಗೆ ಕಬ್ಬು. ಪ್ರತಿ ಮನೆಗೂ ತೆನೆ.

ಮೊಂತಿ ಅನ್ನುವ ಹೆಸರು ಬಂದದ್ದು ಗುಡ್ಡ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ. ಮಂಗಳೂರಿನಿಂದ ಬೆಂಗಳೂರು ರಸ್ತೆಯಲ್ಲಿ ಹೊರಟರೆ ಬಂಟ್ವಾಳಕ್ಕೆ ಮುಂಚೆ ಫರಂಗಿಪೇಟೆ ಸಿಗುತ್ತದೆ. ಅಲ್ಲಿ ನೇತ್ರಾವತಿಯ ದಡದ ಗುಡ್ಡದ ಮೇಲೆ ಮೊಂತೆ ಮರಿಯಾನೊ ಚರ್ಚು. 18ನೇ ಶತಮಾನದಲ್ಲಿ ಅಲ್ಲಿದ್ದ ಗೋವಾ ಮೂಲದ ಧರ್ಮಗುರು ಫಾದರ್ ಜೊವಾಕಿಂ ಮಿರಾಂದಾ ಈ ಆಚರಣೆಗೆ ಇಲ್ಲಿಯ ರೂಪ ಕೊಟ್ಟರು ಅಂತ ಹಿರಿಯರು ಹೇಳಿಕೊಂಡು ಬಂದಿದ್ದಾರೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಸಾವಿರಾರು ಕ್ಯಾಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬದುಕಿ ಉಳಿದವರು ಮರಳಿದ್ದು 1799ರ ನಂತರ. ಮರಳಿದವರು ಮತ್ತೆ ಗದ್ದೆಗಿಳಿದರು, ಮತ್ತೆ ತೆನೆ ತಂದರು.

ತೆನೆ ನಮ್ಮೊಬ್ಬರದ್ದೇ ಅಲ್ಲ. ತುಳುನಾಡಿನ ಹಿಂದೂ ಮನೆಗಳಲ್ಲೂ ಕುರಲ್ ಕಟ್ಟುತ್ತಾರೆ, ಹೊಸ ಅಕ್ಕಿ ಉಣ್ಣುತ್ತಾರೆ. ಕೊಡಗಿನಲ್ಲಿ ಹುತ್ತರಿ ಇದೆ. ಗೋವಾದಿಂದ ಬಂದು ಈ ಮಣ್ಣಿನಲ್ಲಿ ಬೇಸಾಯ ಮಾಡಿದವರು ಈ ಮಣ್ಣಿನ ಹಬ್ಬವನ್ನೂ ಮಾಡಿದರು, ಅಷ್ಟೆ.

ಮನೆಯಲ್ಲಿ ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ಮಂಗಳೂರಿನ ಕ್ಯಾಥೋಲಿಕ್ ಅಡುಗೆಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ! ಬಾಳೆಲೆ ಹಾಕಿ ಮೂರೋ, ಐದೋ, ಏಳೋ, ಒಂಬತ್ತೋ ಬಗೆಯ ತರಕಾರಿ. ಲೆಕ್ಕ ಬೆಸವೇ ಆಗಬೇಕು. ಕೆಸುವಿನ ದಂಟಿಗೆ ಅಂಬಡೆ ಹಾಕಿದ ಪದಾರ್ಥ, ಊರ ಬೆಂಡೆ, ಹೀರೆ, ಅಲಸಂಡೆ, ಹಾಗಲ. ಆ ವಾರ ಮಾರ್ಕೆಟ್ಟಿನಲ್ಲಿ ಊರ ತರಕಾರಿಗೆ ಕೈಯಿಡುವ ಹಾಗಿಲ್ಲ. ಊಟಕ್ಕೆ ಮುಂಚೆ ಆಲ್ತಾರಿನ ಮುಂದೆ ಮೊಂಬತ್ತಿ ಹಚ್ಚಿ ಪ್ರಾರ್ಥನೆ. ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಜಜ್ಜಿ, ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೇ ಊಟ. ಇದೇ ನವೆಂ ಜೆವಾಣ್, ಹೊಸತರ ಊಟ.

ಮನೆಯಲ್ಲಿಲ್ಲದವರ ಪಾಲಿನ ಕಾಳನ್ನು ತೆಗೆದಿಡುತ್ತಾರೆ. ಹಿಂದೆ ಬೊಂಬಾಯಿಗೆ ಹೋದವರಿಗೆ ಅಂಚೆಯ ಕವರಿನಲ್ಲಿ ಹೋಗುತ್ತಿತ್ತು. ನನಗೆ ಕೊರಿಯರಿನಲ್ಲಿ ಬಂತು.

ತೆನೆ ಎಲ್ಲಿಂದ ತರುವುದು?

ಚಿಕ್ಕವಳಿದ್ದಾಗ ನಾನು ಈ ಪ್ರಶ್ನೆ ಕೇಳಿರಲೇ ಇಲ್ಲ. ಚರ್ಚಿಗೆ ಹೋದರೆ ತೆನೆಯ ಕಟ್ಟು ಇರುತ್ತಿತ್ತು. ಯಾರದ್ದೋ ಗದ್ದೆಯಿಂದ ಬರುತ್ತಿತ್ತು, ಯಾಕೆಂದರೆ ಎಲ್ಲರಿಗೂ ಗದ್ದೆ ಇತ್ತು.

ನಮ್ಮ ಅಜ್ಜನೂ ಗೇಣಿ ಒಕ್ಕಲು. 1974ರ ಭೂಸುಧಾರಣೆ ಕಾನೂನಿನಲ್ಲಿ ಉಳುವವನಿಗೆ ಭೂಮಿ ಸಿಕ್ಕಿದಾಗ ಅಜ್ಜನಿಗೂ ಒಂದಿಷ್ಟು ಗದ್ದೆ ಸಿಕ್ಕಿತು. ಕರಾವಳಿಯ ಎಷ್ಟೋ ಕ್ಯಾಥೋಲಿಕ್ ಮನೆಗಳ ಕತೆ ಇದೇ. ಗದ್ದೆ ಮಕ್ಕಳನ್ನು ಓದಿಸಿತು, ಓದಿದ ಮಕ್ಕಳು ಗಲ್ಫಿಗೆ ಹೋದರು, ಗಲ್ಫಿನ ದುಡ್ಡಿನಲ್ಲಿ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದರು. ಉಳಿದ ಗದ್ದೆಗೆ ಅಡಿಕೆ ಬಂತು, ಇಲ್ಲವೇ ಹುಲ್ಲು ಬಂತು. ಯಾರನ್ನೂ ಬೈಯುವ ಹಾಗಿಲ್ಲ. ಭತ್ತದ ಬೇಸಾಯದಲ್ಲಿ ಕೂಲಿಯ ದುಡ್ಡೂ ಹುಟ್ಟದಿದ್ದರೆ ಯಾರು ಮಾಡುತ್ತಾರೆ?

ಹಾಗಾಗಿ ಈಗ ಸಿಟಿಯ ಚರ್ಚುಗಳಿಗೆ ತೆನೆ ಹುಡುಕುವುದೇ ಒಂದು ಕೆಲಸ. ಕೆಲವರು ಹಳ್ಳಿಯ ಚರ್ಚಿನವರಿಗೆ ಮೊದಲೇ ಹೇಳಿಡುತ್ತಾರೆ. ಕೆಲವು ಕಡೆ ಚರ್ಚಿನ ಕಂಪೌಂಡಿನಲ್ಲೇ ಒಂದು ಮೂಲೆಯಲ್ಲಿ ಭತ್ತ ಬೆಳೆಸುತ್ತಾರೆ. ಇನ್ನು ಕೆಲವು ಕಡೆ ಯುವಜನ ಸಂಘದವರು ಹಡಿಲು ಬಿದ್ದ ಗದ್ದೆ ಕೇಳಿ ಪಡೆದು ನೇಜಿ ನೆಡುತ್ತಾರೆ. ನಮ್ಮ ಚರ್ಚಿನವರು ಮೂರನೇ ದಾರಿ ಹಿಡಿದರು. ಗದ್ದೆ ಕೊಟ್ಟದ್ದು ಪಕ್ಕದ ಮನೆಯ ಶೆಟ್ರು. "ಬಾಡಿಗೆ ಬೇಡ ಮಾರಾಯ್ರೆ, ನಮ್ಮ ಮನೆಗೂ ನಾಲ್ಕು ಕುರಲ್ ಕೊಡಿ, ಸಾಕು" ಅಂದರಂತೆ.

ಲೆಕ್ಕ ಸುಲಭ ಇಲ್ಲ. ನಮ್ಮಲ್ಲಿ ಮಳೆಗಾಲದ ಮೊದಲ ಬೆಳೆಗೆ ಏಣೇಲು ಅನ್ನುತ್ತಾರೆ. ಕೊಯ್ಲು ಅಕ್ಟೋಬರಿನ ಹೊತ್ತಿಗೆ. ಹಬ್ಬ ಸೆಪ್ಟೆಂಬರ್ 8ಕ್ಕೆ, ಅದು ಯಾರಿಗೂ ಕಾಯುವುದಿಲ್ಲ. ಅಂದರೆ ಮಳೆ ಹಿಡಿಯುವ ಮೊದಲೇ, ಮೇ ಕೊನೆಗೆ, ಬೀಜ ಬಿದ್ದಿರಬೇಕು. ಆಗ ಹಬ್ಬಕ್ಕೆ ಎಳೆ ತೆನೆಯಾದರೂ ಬಂದೀತು. ಮಳೆ ತಡವಾದರೆ ತೆನೆಯೂ ತಡ. ನೆಡುವ ದಿನ ಮಾತ್ರ ಕೆಸರಲ್ಲಿ ನಿಂತು ಸೆಲ್ಫಿ ತೆಗೆಯಲು ಹುಡುಗರ ದಂಡೇ ಬರುತ್ತದೆ. ಕಳೆ ಕೀಳುವ ದಿನ ಬರುವವರು ಐದಾರು ಮಂದಿ. ಆ ಐದಾರು ಮಂದಿಯಿಂದ ಹಬ್ಬ ನಡೆಯುತ್ತಿದೆ.

ಮಮ್ಮಿಯ ಪುಸ್ತಕ

ತೆನೆ ಸಿಕ್ಕಿತು. ಅದು ಮನೆಮನೆಗೆ ಮುಟ್ಟಬೇಕಲ್ಲ?

ಮಂಗಳೂರು ಕಡೆಯ ಚರ್ಚುಗಳಲ್ಲಿ ಒಂದು ಹಳೇ ವ್ಯವಸ್ಥೆ ಇದೆ. ಪ್ರತಿ ಚರ್ಚಿನ ವ್ಯಾಪ್ತಿಯನ್ನು ವಾಡೊಗಳಾಗಿ, ಅಂದರೆ ವಾರ್ಡುಗಳಾಗಿ ಮಾಡಿರುತ್ತಾರೆ. ಪ್ರತಿ ವಾಡೊಗೆ ಒಬ್ಬರು ಗುರ್ಕಾರ್, ಹೆಂಗಸಾದರೆ ಗುರ್ಕಾರ್ನ್. ತುಳುನಾಡಿನ ಬೇರೆ ಸಮುದಾಯಗಳಲ್ಲಿ ಗುರಿಕಾರ ಅನ್ನುತ್ತಾರಲ್ಲ, ಅದೇ ಮಾತು. ಇದು ಸಂಬಳದ ಕೆಲಸ ಅಲ್ಲ. ವಾಡೊದಲ್ಲಿ ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಮದುವೆ, ಯಾರು ಮನೆ ಖಾಲಿ ಮಾಡಿದರು, ಯಾವ ಮಗುವಿನ ಶಾಲೆ ಫೀಸು ಬಾಕಿ, ಎಲ್ಲ ಇವರಿಗೆ ಗೊತ್ತಿರಬೇಕು. ಹಾಸಿಗೆ ಹಿಡಿದವರ ಮನೆಗೆ ಪಾದ್ರಿಯನ್ನು ಕರೆದೊಯ್ಯುವವರು ಇವರು. ಸಾವು ಆದರೆ ಮೊದಲ ಫೋನ್ ಇವರಿಗೆ. ಕಷ್ಟದಲ್ಲಿರುವವರ ಹೆಸರನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ ಗುಟ್ಟಾಗಿ ತಿಳಿಸುವವರೂ ಇವರೇ.

ನನ್ನ ಮಮ್ಮಿ ನಮ್ಮ ವಾಡೊದ ಗುರ್ಕಾರ್ನ್. ಪಪ್ಪ ತೀರಿಕೊಂಡ ಮೇಲೆ "ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುವುದು" ಅಂತ ಒಪ್ಪಿಕೊಂಡವಳು. ಅವಳ ಹತ್ತಿರ ಉದ್ದದ ಒಂದು ನೋಟ್ ಪುಸ್ತಕ ಇದೆ. ಒಂದು ಮನೆಗೆ ಒಂದು ಪುಟ. ಹೊರಗೆ ಇರುವವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಊರಿನ ಹೆಸರು: ಕುವೈತ್, ಬೆಂಗಳೂರು, ಟೊರಾಂಟೊ. ಪೆನ್ನಿನಲ್ಲಿ ಯಾಕೆ ಬರೆಯುವುದಿಲ್ಲ ಅಂತ ಕೇಳಿದ್ದೆ. "ವಾಪಸ್ ಬಂದರೆ ಅಳಿಸಬೇಕಲ್ಲ" ಅಂದಳು.

ಮೊಂತಿ ಫೆಸ್ತಿನ ದಿನ ಪೂಜೆ ಮುಗಿದ ಮೇಲೆ ಚರ್ಚಿಗೆ ಬರಲಾಗದವರ ಮನೆಗೆ ತೆನೆ ಮುಟ್ಟಿಸುವುದು ಅವಳ ಕೆಲಸ. ಮನೆಗೆ ಬೀಗ ಇದ್ದರೂ ಬಿಡುವುದಿಲ್ಲ. ಬೀಗದ ಕೊಂಡಿಗೆ ಒಂದು ತೆನೆ ಸಿಕ್ಕಿಸಿ ಬರುತ್ತಾಳೆ. ನಮ್ಮ ವಾಡೊದಲ್ಲಿ ಈಗ ಅಂಥ ಮನೆ ನಾಲ್ಕು. "ಯಾರೂ ಇಲ್ಲದ ಮನೆಗೆ ಯಾಕೆ? ಇಲಿ ತಿನ್ನುತ್ತದೆ" ಅಂತ ನಾನು ನಕ್ಕಿದ್ದೆ. "ತಿನ್ನಲಿ. ಮನೆ ಪುಸ್ತಕದಲ್ಲಿ ಉಂಟಲ್ಲ" ಅಂದಳು.

ಮೂರು ವರ್ಷದ ಹಿಂದಿನ ಮೊಂತಿ ಫೆಸ್ತಿನ ಮೇಲೆ ನಾನು ಆ ನಗೆ ನಿಲ್ಲಿಸಿದೆ. ಮಮ್ಮಿ ತೆನೆ ಹಿಡಿದು ಒಬ್ಬರು ಆಂಟಿಯ ಮನೆಗೆ ಹೋದಳು. ಎಂಬತ್ತರ ಹತ್ತಿರದ ವಯಸ್ಸು, ಒಂಟಿ ವಾಸ, ಮಕ್ಕಳಿಬ್ಬರೂ ಹೊರದೇಶದಲ್ಲಿ. ಬೆಲ್ ಮಾಡಿದರೆ ಉತ್ತರ ಇಲ್ಲ. ಬೀಗ ಹೊರಗಿಲ್ಲ. ಕಿಟಕಿ ಹತ್ತಿರ ಹೋಗಿ ಕರೆದಾಗ ಒಳಗಿಂದ ಸಣ್ಣ ನರಳಾಟ. ಬೆಳಿಗ್ಗೆ ಪೂಜೆಗೆ ಹೊರಡುವಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಫೋನು ಕೋಣೆಯಲ್ಲಿತ್ತು. ಪಕ್ಕದ ಮನೆಯ ಹುಡುಗರು ಹಿಂದಿನ ಬಾಗಿಲು ಒಡೆದರು. ಆಸ್ಪತ್ರೆಗೆ ಸೇರಿಸಿ, ಮಗ ವಿಮಾನ ಹಿಡಿದು ಬರುವವರೆಗೆ ವಾಡೊದ ಹೆಂಗಸರು ಪಾಳಿಯಲ್ಲಿ ಕೂತರು. ಹಬ್ಬದ ಊಟ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಆಯಿತು, ತಣ್ಣಗೆ.

ಆಂಟಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಮಗ ಮನೆಗೆ ಸಿಸಿಟಿವಿ ಹಾಕಿಸಿದ್ದಾರೆ. ಒಳ್ಳೆಯದೇ. ಆದರೆ ಆ ದಿನ ಬಾಗಿಲು ತಟ್ಟಿದ್ದು ತೆನೆ.

ಇನ್ನು ಯಾರು?

ಮಮ್ಮಿಗೆ ಈಗ ಅರವತ್ತೆಂಟು. ಮಂಡಿನೋವು. ನಮ್ಮ ವಾಡೊ ಗುಡ್ಡದ ಇಳಿಜಾರಿನಲ್ಲಿ, ಮೆಟ್ಟಿಲೇ ಮೆಟ್ಟಿಲು. ಎರಡು ಸಲ "ಸಾಕು, ಬೇರೆಯವರನ್ನು ನೋಡಿ" ಅಂತ ಚರ್ಚಿನಲ್ಲಿ ಹೇಳಿದಳು. ಎರಡು ಸಲವೂ ವಾಡೊದ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ "ನೀವೇ ಚೆನ್ನಾಗಿ ಮಾಡುತ್ತೀರಿ" ಅಂದರು. ಆ ಚಪ್ಪಾಳೆಯ ಅರ್ಥ ಗೊತ್ತಾಯಿತಲ್ಲ? ನಮ್ಮಿಂದ ಆಗುವುದಿಲ್ಲ ಅಂತ. ಸಭೆಯಲ್ಲಿ ಕೂತವರಲ್ಲಿ ಐವತ್ತಕ್ಕಿಂತ ಕೆಳಗಿನವರು ಇಬ್ಬರು. ಒಬ್ಬರದು ನೈಟ್ ಶಿಫ್ಟ್, ಇನ್ನೊಬ್ಬರಿಗೆ ಆರು ತಿಂಗಳ ಮಗು.

ನಾವು? ನಾವು ವಾಡೊದ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಸಾವಿಗೆ ಕೈಮುಗಿದ ಚಿತ್ರ. ಪೂಜೆಯನ್ನು ಯೂಟ್ಯೂಬಿನಲ್ಲಿ ನೋಡುತ್ತೇವೆ, ಒಂದೂವರೆ ಪಟ್ಟು ವೇಗದಲ್ಲಿ. ನಾನೂ ಹಾಗೇ ಇದ್ದೆ. ಹೋದ ವರ್ಷ ಹಬ್ಬಕ್ಕೆ ಹೋಗಲಿಲ್ಲ. ರಜೆ ಕೇಳಬಹುದಿತ್ತು, ಕೇಳಲಿಲ್ಲ. ಕೊಪ್ಪಳದಿಂದ ಹುಬ್ಬಳ್ಳಿ, ಅಲ್ಲಿಂದ ರಾತ್ರಿ ಬಸ್ಸು, ಒಂದು ಊಟಕ್ಕೆ ಇಷ್ಟು ಪಾಡು ಬೇಡ ಅನಿಸಿತ್ತು. ಅದಕ್ಕೇ ಕವರ್ ಬಂದದ್ದು.

ಕವರಿನಲ್ಲಿ ಚೀಟಿಯೂ ಇತ್ತು: "ನಿನ್ನ ಹೆಸರು ನಮ್ಮ ಮನೆ ಪುಟದಲ್ಲೇ ಉಂಟು. ಪೆನ್ನಿನಲ್ಲಿ."

ಹನ್ನೊಂದು ಕಾಳು, ಐದು ಜನ

ಕಾಳನ್ನು ಏನು ಮಾಡುವುದು? ಒಬ್ಬಳೇ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಆಫೀಸಿಗೆ ತೆಗೆದುಕೊಂಡು ಹೋಗಿ ಗಂಗಾವತಿ ಕಡೆಯ ಸಹೋದ್ಯೋಗಿಗೆ ತೋರಿಸಿದೆ. ಅವರದ್ದು ಭತ್ತದ ಬೇಸಾಯದ ಮನೆ.

"ಇಷ್ಟಕ್ಕ ಕೊರಿಯರ್ ಏನ್ರೀ ಮೇಡಂ? ನಮ್ಮ ಮನೀಗೆ ಬರ್ರಿ, ಚೀಲ ಕೊಡ್ತೀನಿ" ಅಂದರು. ಆಮೇಲೆ ತಾವೇ ಯೋಚಿಸಿ ಅಂದರು: "ಆದರ ಈಗ ನಮ್ಮಲ್ಲಿ ತೆನಿ ಬಂದಿಲ್ಲ ನೋಡ್ರಿ. ಕಾಲುವಿ ನೀರು ಬಿಟ್ಟಮ್ಯಾಗ ನಾಟಿ. ಇನ್ನೂ ಹಸರ ಐತಿ."

ಕತೆ ಹೇಳಿದೆ. ಅವರು ನಗಲಿಲ್ಲ. "ನಮ್ಮಲ್ಲೂ ಸೀಗಿ ಹುಣ್ಣಿವಿಗೆ ಹೊಲಕ್ಕ ಹೋಗಿ ಚರಗ ಚೆಲ್ತೀವಿ. ನಮ್ಮವ್ವ ಪುಣೆದಾಗಿರೋ ತಮ್ಮನ ಹೆಸರಲೆ ಒಂದು ಹಿಡಿ ಹೆಚ್ಚಿಗಿ ಚೆಲ್ತಾಳ್ರಿ" ಅಂದರು.

ಭಾನುವಾರ ಇಲ್ಲಿಯ ಚರ್ಚಿಗೆ ಒಯ್ದೆ. ಕೊಪ್ಪಳ ಸೇರಿರುವುದು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ. ಇಲ್ಲಿ ಪೂಜೆ ಕನ್ನಡದಲ್ಲಿ. ಕೊಂಕಣಿಯಲ್ಲಿ ಪ್ರಾರ್ಥಿಸಿ ಬೆಳೆದ ನನಗೆ ಮೊದಮೊದಲು ಬಾಯಿ ತಡವರಿಸುತ್ತಿತ್ತು. ಈ ಸೀಮೆಯಲ್ಲಿ ನಮ್ಮವರು ಅಪರೂಪ ಅಂದುಕೊಂಡಿದ್ದೆ. ಕುಷ್ಟಗಿಯಿಂದ ಅಷ್ಟೇನೂ ದೂರವಲ್ಲದ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲಕ್ಕೆ ಬೇರು ಹೋಗುವ ಕನ್ನಡದ ಕ್ಯಾಥೋಲಿಕರಿದ್ದಾರೆ ಅಂತ ಗೊತ್ತಾದದ್ದು ಇಲ್ಲಿಯ ಬೆಂಚಿನಲ್ಲೇ. ಅವತ್ತು ಪೂಜೆಯ ನಂತರ ನಾವು ಐದು ಜನ ಕೂತೆವು: ಕಾರ್ಕಳದ ಒಬ್ಬರು ನರ್ಸ್, ಬೆಳ್ತಂಗಡಿಯ ಒಬ್ಬರು ಮೇಷ್ಟ್ರು, ಅವರ ಹೆಂಡತಿ, ನಾನು, ನಮ್ಮ ಸಹೋದ್ಯೋಗಿ. ನರ್ಸ್ ತೆಂಗಿನಕಾಯಿ ಹಾಲು ಮಾಡಿ ತಂದಿದ್ದರು. ಹನ್ನೊಂದು ಕಾಳನ್ನು ಉಗುರಿನಲ್ಲಿ ಸುಲಿದು ಲೋಟದ ತಳದಲ್ಲಿ ಜಜ್ಜಿದೆವು. ಒಬ್ಬೊಬ್ಬರಿಗೆ ಒಂದೊಂದು ಚಮಚ. ಅಕ್ಕಿಯ ರುಚಿ ಗೊತ್ತಾಗಲೇ ಇಲ್ಲ. ಮೇಷ್ಟ್ರ ಹೆಂಡತಿ ಮಾತ್ರ ಕಣ್ಣು ಒರೆಸಿಕೊಂಡರು. ಹನ್ನೆರಡು ವರ್ಷದಿಂದ ಅವರಿಗೆ ಯಾರೂ ಕವರ್ ಕಳಿಸಿರಲಿಲ್ಲವಂತೆ.

ಈ ಸಲ ನೀವು ದೂರದಲ್ಲಿದ್ದರೆ

ಹೋಗಲು ಆದರೆ ಹೋಗಿ. ಟಿಕೆಟ್ ಈಗಲೇ ಮಾಡಿಸಿ, ಅದೇ ಹೊತ್ತಿಗೆ ಚೌತಿಯ ಗಡಿಬಿಡಿಯೂ ಇರುತ್ತದೆ. ಆಗದಿದ್ದರೆ ಇವಿಷ್ಟು ಮಾಡಬಹುದು.

ಮನೆಯವರಿಗೆ ಕಾಳು ಕಳಿಸಲು ಹೇಳಿ. ತೆನೆಯನ್ನು ಒಂದು ದಿನ ನೆರಳಲ್ಲಿ ಆರಿಸಿ ಪೇಪರಿನಲ್ಲಿ ಸುತ್ತಿದರೆ ಬೂಸ್ಟು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳಲ್ಲಿ ಹೊರಗಿನ ಬೀಜ, ಕಾಳಿಗೆ ಕಟ್ಟುನಿಟ್ಟಿನ ತಡೆ ಇದೆ. ಅಲ್ಲಿರುವವರಿಗೆ ಕಳಿಸಿ ಕಷ್ಟಕ್ಕೆ ಸಿಕ್ಕಿಸಬೇಡಿ. ಅಲ್ಲಿಯ ಕೊಂಕಣಿ ಸಂಘಗಳಲ್ಲಿ ವಿಚಾರಿಸಿ.

ನಿಮ್ಮ ಊರಿನಲ್ಲಿ ಹಬ್ಬವಿಲ್ಲದ ಒಂಟಿ ಮನೆ ಯಾವುದು ನೋಡಿ. ಪಿಜಿಯ ರೂಮ್‌ಮೇಟ್ ಆದರೂ ಆದೀತು. ಯಾವ ಧರ್ಮದವರಾದರೂ ಬಾಳೆಲೆ ಹಾಕಿ ಬಡಿಸಿ. ಮೂರೇ ಬಗೆ ಸಾಕು, ಬೆಸವಾದರೆ ಆಯಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ವಾಡೊದ ಗುರ್ಕಾರರಿಗೆ ಫೋನ್ ಮಾಡಿ. ನಂಬರ್ ಇಲ್ಲವಾ? ಅಮ್ಮನ ಹತ್ತಿರ ಇರುತ್ತದೆ. ನಿಮ್ಮ ಅಪ್ಪ ಅಮ್ಮ ಬಿದ್ದರೆ ನಿಮಗಿಂತ ಮೊದಲು ಓಡಿ ಬರುವವರು ಅವರು. "ನನ್ನಿಂದ ಏನಾದರೂ ಆಗಬೇಕಾ?" ಅಂತ ಒಂದು ಮಾತು ಕೇಳಿ. ಪಟ್ಟಿ ಟೈಪ್ ಮಾಡುವುದು, ಔಷಧಿ ಆನ್‌ಲೈನ್ ತರಿಸುವುದು, ಪಿಂಚಣಿಯ ಅರ್ಜಿ ತುಂಬುವುದು, ಇವಕ್ಕೆ ಊರಲ್ಲೇ ಇರಬೇಕು ಅಂತಿಲ್ಲ.

ನಾನು ಈಗ ಮಾಡುತ್ತಿರುವುದು ಅದನ್ನೇ. ಮಮ್ಮಿಯ ಪುಸ್ತಕದಲ್ಲಿ ಒಂಟಿಯಾಗಿರುವ ಏಳು ಮಂದಿ ಹಿರಿಯರಿದ್ದಾರೆ. ಪ್ರತಿ ಶನಿವಾರ ಏಳು ಫೋನ್. ಕೆಲವರು ಎರಡು ನಿಮಿಷದಲ್ಲಿ ಇಡುತ್ತಾರೆ. ವಾಕರ್ ಆಂಟಿ ನಲವತ್ತು ನಿಮಿಷ ಬಿಡುವುದಿಲ್ಲ. ಯಾರಾದರೂ ಫೋನ್ ಎತ್ತದಿದ್ದರೆ ಮಮ್ಮಿಗೆ ಹೇಳುತ್ತೇನೆ, ಅವಳು ಮೆಟ್ಟಿಲು ಹತ್ತುತ್ತಾಳೆ. ಮಂಡಿನೋವು ನನ್ನಿಂದ ಕಡಿಮೆಯಾಗಲಿಲ್ಲ, ಮೆಟ್ಟಿಲು ಸ್ವಲ್ಪ ಕಡಿಮೆಯಾಯಿತು ಅಷ್ಟೆ. ಮುಂದೆ ಗುರ್ಕಾರ್ ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕೊಪ್ಪಳದಲ್ಲಿ ಕೂತು ನಾನು ಆಗಲಾರೆ. ಬಾಗಿಲಿಗೆ ತೆನೆ ಸಿಕ್ಕಿಸಲು ಊರಲ್ಲಿ ಎರಡು ಕೈ ಬೇಕೇ ಬೇಕು. ನೇಜಿ ಗದ್ದೆಯ ಐದಾರು ಹುಡುಗರಲ್ಲಿ ಒಬ್ಬನ ಹತ್ತಿರ ಮಾತಾಡಿದ್ದೇನೆ. "ನೋಡುವ ಅಕ್ಕ" ಅಂದಿದ್ದಾನೆ. ನಮ್ಮೂರಲ್ಲಿ ಅದು ಅರ್ಧ ಹೂಂ.

ಈ ವರ್ಷ ರಜೆ ಮಂಜೂರಾಗಿದೆ. ಸೆಪ್ಟೆಂಬರ್ 6ಕ್ಕೆ ಹುಬ್ಬಳ್ಳಿಯಿಂದ ಬಸ್ಸು. ಮಮ್ಮಿಗೆ ಹೇಳಿದೆ. "ಒಳ್ಳೆದಾಯ್ತು, ಈ ಸಲ ಮೇಲಿನ ಮನೆಗಳಿಗೆಲ್ಲ ನೀನೇ ಹೋಗಿ ಬಾ, ಮಾರಾಯ್ತಿ. ಬೀಗದ ಮನೆಗೂ" ಅಂದಳು. ಬರುವಾಗ ಒಂದು ಕವರ್ ತುಂಬಾ ಕಾಳು ತರಬೇಕು. ಕೊಪ್ಪಳದಲ್ಲಿ ಈ ಸಲ ಐದಲ್ಲ, ಒಂಬತ್ತು ಜನ ಇದ್ದೇವೆ. ಕೊರಿಯರ್ ಹುಡುಗನೂ ಸೇರಿ.